ಶ್ರದ್ಧಾಂಜಲಿಗೆ ದುಂಡಕ್ಷರ

2023ರಲ್ಲಿ ನಾನು ಮಧುಗಿರಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಆಗಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳಿಗೆ ಅಲ್ಲಿ ಸಿಕ್ಕ ಕೆಲಸ ಹುಟ್ಟುಹಬ್ಬದ ಬ್ಯಾನರಿಗೆ ಬಲೂನು ಕೂರಿಸುವುದು. ಸೋತು ಅಭ್ಯಾಸವಿರಲಿಲ್ಲ; ಗಿರಾಕಿಗಳ ಹತ್ತಿರವೂ ವಾದಕ್ಕೆ ನಿಲ್ಲುತ್ತಿದ್ದೆ.

ಜೂನ್‌ನಲ್ಲಿ ಕೊಡಿಗೇನಹಳ್ಳಿಯಿಂದ ಲಕ್ಷ್ಮಕ್ಕ ಬಂದಳು, ಜೊತೆಗೆ ಮೈದುನ ನಾಗರಾಜ. ಅವಳ ಗಂಡ ಸೈಕಲ್ಲಿನಲ್ಲಿ ಐಸ್ ಕ್ಯಾಂಡಿ ಮಾರುತ್ತಿದ್ದವನು, ತೀರಿಕೊಂಡು ಒಂದು ವಾರವಾಗಿತ್ತು. ಅವನ ಫೋಟೋ ಅವಳ ಮೊಬೈಲಿನಲ್ಲಿ ಮಾತ್ರ ಇದ್ದುದರಿಂದ ಸೂತಕದಲ್ಲೇ ಬಂದಿದ್ದಳು. ತಿಥಿಯ ದಿನ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹಾಕಿಸುವಂಥ ಒಂದು ಫ್ಲೆಕ್ಸ್ ಬೇಕಿತ್ತು, ಅಷ್ಟೇ.

ಅವನ ಐಸ್ ಕ್ಯಾಂಡಿ ಡಬ್ಬಿಯ ಮೇಲಿನ ಸ್ಟಿಕ್ಕರ್ ಮಾಡಿದ್ದವಳು ನಾನೇ. ಬಬಲ್ ಫಾಂಟ್, ಅಂದರೆ ಎಣ್ಣೆಯಲ್ಲಿ ಉಬ್ಬಿದ ಪೂರಿಯಂಥ ದುಂಡಕ್ಷರ. ಶ್ರದ್ಧಾಂಜಲಿಯನ್ನೂ ಅದರಲ್ಲೇ ಬರೆದು ತೋರಿಸಿದೆ.

“ಏನಮ್ಮಾ, ನಾಮಕರಣದ್ ಬೋರ್ಡ್ ಇದ್ದಂಗೈತೆ,” ಅಂದ ನಾಗರಾಜ.

ನಾನು ಬಿಡಲಿಲ್ಲ. ಸಾವಿಗೆ ಚೂಪು ಅಕ್ಷರವೇ ಬೇಕು ಎಂದು ಬರೆದಿಟ್ಟವರು ಯಾರು? ಕನ್ನಡ ಲಿಪಿಯೇ ದುಂಡಗಿದೆಯಲ್ಲ, ಹಾಗಾದರೆ ಕನ್ನಡದಲ್ಲಿ ಯಾರೂ ಅಳುವ ಹಾಗಿಲ್ಲವೇ? ಊರಿಗೆ ಅವನ ಗುರುತು ಸಿಗುತ್ತಿದ್ದದ್ದೇ ಈ ಅಕ್ಷರದಿಂದ ಅಲ್ಲವೇ? ನಾಗರಾಜ ಅತ್ತಿಗೆಯ ಕಡೆ ತಿರುಗಿದ. “ನೀವು ಓದ್ದೋರು, ನೀವೇ ನೋಡಿ ಮಾಡ್ಬುಡಿ,” ಅಂದಳು ಲಕ್ಷ್ಮಕ್ಕ.

ಆರು ಅಡಿಗೆ ನಾಲ್ಕು ಅಡಿ. ತಿಥಿಯ ಬೆಳಿಗ್ಗೆ ನನ್ನ ಕೆಲಸ ನೋಡಲು ಕೊಡಿಗೇನಹಳ್ಳಿ ಬಸ್ ಸ್ಟ್ಯಾಂಡಿಗೆ ನಾನೇ ಹೋದೆ. ಅಕ್ಷರದೊಳಗಿನ ಖಾಲಿ ಜಾಗಕ್ಕೆ ಕೌಂಟರ್ ಅನ್ನುತ್ತೇವೆ. ದಪ್ಪ ಅಕ್ಷರದಲ್ಲಿ ಅದು ಮುಚ್ಚಿಹೋಗಿ, ‘ದ್ಧಾಂ’ ದೂರಕ್ಕೆ ಒಂದು ಮುದ್ದೆಯಂತೆ ಕಾಣುತ್ತಿತ್ತು. ಓದಲು ಉಳಿದದ್ದು ಬಣ್ಣ, ಮತ್ತು ಅವನ ನಗುಮುಖ. ಹೊಸ ಐಸ್ ಕ್ರೀಂ ಅಂಗಡಿ ಎಲ್ಲಿ ಎಂದು ಇಬ್ಬರು ವಿಚಾರಿಸಿದರು. ಹಿಂದೂಪುರದ ಬಸ್ಸಿಗೆ ಕಾದಿದ್ದ ಹುಡುಗರು ಅದರ ಕೆಳಗೆ ನಿಂತು ಸೆಲ್ಫಿ ತೆಗೆದರು. “ಮೇಲ್ಗಡೆ ಯಾವ್ ಫ್ಲೇವರ್ ಮಾರ್ತಾವ್ನೆ ಕೇಳ್ಲಾ,” ಅಂದ ಒಬ್ಬ.

ತಿಥಿ ಊಟಕ್ಕೆ ಲಕ್ಷ್ಮಕ್ಕ ನನ್ನನ್ನೂ ಕರೆದಿದ್ದಳು. ಊಟದ ಹೊತ್ತಿಗೆ ಆ ಸೆಲ್ಫಿ ಎಲೆಯ ಮುಂದೆ ಕೂತವರ ಮೊಬೈಲಿಗೂ ಬಂದಿತ್ತು. ಬಡಿಸುತ್ತಿದ್ದ ನಾಗರಾಜ ಎಲ್ಲರಿಗೂ ಕೇಳುವಂತೆ ಹೇಳಿದ: “ನಾನು ಬ್ಯಾಡ ಅಂದೆ. ಗಂಡ ಹೋಗಿದ್ದು ಇವಳಿಗೆ ಹಬ್ಬ ಆಗೈತೆ.” ಪಂಕ್ತಿ ನಕ್ಕಿತು. ಅವಳ ಅತ್ತೆ ಎದ್ದು ಬಂದು ಸೊಸೆಯ ಕೈಯಿಂದ ಪಾಯಸದ ಪಾತ್ರೆ ಕಿತ್ತುಕೊಂಡಳು.

ಅದು ನನ್ನ ಹಟ ಎಂದು ಹೇಳಲು ಒಂದೇ ವಾಕ್ಯ ಸಾಕಿತ್ತು. ನಾನು ವಡೆ ಮುರಿಯುತ್ತಾ ಕೂತಿದ್ದೆ.

ಕೈ ತೊಳೆಯುವಾಗ ಲಕ್ಷ್ಮಕ್ಕ ನೀರು ಹಾಕಿದಳು. “ಅಂಗಡೀಲಿ ಅಷ್ಟು ಮಾತಾಡ್ದೆ ಕಣಮ್ಮ. ಇಲ್ಲಿ ಒಂದ್ ಮಾತು ಆಡಬೋದಿತ್ತು.”

ಈಗ ಹೊಸ ಡಿಸೈನರುಗಳಿಗೆ ನಾನು ಹೇಳಿಕೊಡುವುದಿಷ್ಟು: ದುಂಡಕ್ಷರ ಐಸ್ ಕ್ರೀಮಿಗೆ, ಮಕ್ಕಳ ಬಟ್ಟೆಗೆ, ಒತ್ತಕ್ಷರ ಕಡಿಮೆ ಇರುವ ಒಂದೆರಡು ಪದಕ್ಕೆ ಇರಲಿ. ಗಿರಾಕಿ ಬೇಡ ಅಂದರೆ ಬೇಡ. ಬೋರ್ಡು ಕಟ್ಟಿದ ಮೇಲೆ ಅದರ ಕೆಳಗೆ ಬದುಕುವವರು ಅವರು. ನಾವು ಸಂಜೆ ಬಸ್ಸು ಹತ್ತಿ ಬಂದುಬಿಡುತ್ತೇವೆ.