ಕಪ್ಪು ಹಲ್ಲನ್ನು ಉಳಿಸಿದ ಮೇಡಂ

ಹಲ್ಲಿನ ಮೇಡಂ ನಕ್ಕರೆ ಎಡಗಡೆಯ ಕೆಳದವಡೆಯಲ್ಲಿ ಎರಡು ಹಲ್ಲುಗಳ ಜಾಗ ಖಾಲಿ ಕಾಣುತ್ತಿತ್ತು. ಮಂದಿಯ ಹಲ್ಲು ನೋಡುವವರಿಗೇ ಹಲ್ಲಿಲ್ಲವಲ್ಲ ಎಂದು ಗೋವೆಯ ಚಿಂಬಲ್‌ಗೆ ದುಡಿಯಲು ಬಂದ ನಾವು ಕನ್ನಡದ ಹೆಂಗಸರು ಮೊದಮೊದಲು ಮುಸಿಮುಸಿ ನಗುತ್ತಿದ್ದೆವು. ಅವರು ಮುಚ್ಚಿಟ್ಟುಕೊಳ್ಳುತ್ತಿರಲಿಲ್ಲ. "ಸಣ್ಣಾಕಿ ಇದ್ದಾಗ ನೋವು ಅಂದ ಕೂಡ್ಲೆ ಕಿತ್ತಿದ್ರು. ಉಳಸಾಕ ಯಾರೂ ನೋಡ್ಲಿಲ್ರಿ" ಎನ್ನುತ್ತಿದ್ದರು.

ಅವರು ಗೋವೆಯವರೇ. ಮನೆಮಾತು ಕೊಂಕಣಿ, ಕನ್ನಡ ಕಲಿತದ್ದು ದವಾಖಾನೆಗೆ ಬರುವ ನಮ್ಮಂಥವರಿಂದ. ನಾವೆಲ್ಲ ಅವರೊಡನೆ 'ರೀ' ಹಚ್ಚಿ ಮಾತಾಡುತ್ತಿದ್ದೆವಲ್ಲ, ಕನ್ನಡವೆಂದರೆ ಅದೇ ಎಂದುಕೊಂಡು ಐದು ವರ್ಷದ ಮಗುವಿಗೂ "ಬಾಯಿ ತಗೀರಿ, ಹೆದರಬ್ಯಾಡ್ರಿ" ಅನ್ನುವರು. ವಯಸ್ಸಿನಲ್ಲಿ ಬಹಳ ಹಿರಿಯರಾದರೂ ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದರು.

ಸಣ್ಣ ಮಗಳನ್ನು ಅವರ ಬಳಿ ಕರೆದೊಯ್ದ ದಿನ ಹಲ್ಲು ಕೀಳಿಸಿಯೇ ಬರುವುದೆಂದು ಹೊರಟಿದ್ದೆ. ಅದಕ್ಕೂ ಎರಡು ವರ್ಷ ಮೊದಲು ದೊಡ್ಡ ಮಗಳ ಹುಳುಕು ಹಲ್ಲನ್ನು, ಹಾಲುಹಲ್ಲಲ್ಲವೇ, ತಾನೇ ಬೀಳುತ್ತದೆ ಎಂದು ಬಿಟ್ಟಿದ್ದೆ. ಕೀವಾಗಿ ಕೆನ್ನೆ ಕಣ್ಣಿನವರೆಗೆ ಬಾತು ಅವಳು ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಈಗ ಸಣ್ಣವಳ ದವಡೆಹಲ್ಲಿನಲ್ಲೂ ಅಂಥದೇ ಕುಳಿ.

"ಕಿತ್ತ ಬಿಡ್ರಿ ಮೇಡಂ" ಎಂದೆ.

ಅವರು ಹಲ್ಲು ತಟ್ಟಿದರು, ಒಸಡು ಒತ್ತಿದರು, ಎಕ್ಸ್‌ರೇ ತೆಗೆಸಿ ನೋಡಿದರು. "ಬೇರಿಗೆ ಮುಟ್ಟಿಲ್ರಿ ಅಕ್ಕಾ. ಇದು ಇನ್ನಾ ಐದು ವರ್ಷ ಇರೂ ಹಲ್ಲು. ಈಗ ಕಿತ್ರ ಹಿಂದ ಬರೂ ಹಲ್ಲು ಮುಂದ ಸರೀತೈತಿ. ಹೊಸಾದು ಬರಾಕ ಜಾಗಾನ ಇರೂದಿಲ್ಲ."

ಸೂಜಿಯಿಲ್ಲ, ಕೊರೆಯುವ ಯಂತ್ರವಿಲ್ಲ. ಸಣ್ಣ ಬ್ರಶ್ಶಿನಿಂದ ಕುಳಿಗೆ ಒಂದು ಹನಿ ಔಷಧ ಹಚ್ಚಿದರು, ಅಷ್ಟೇ. ಹಲ್ಲು ಕಪ್ಪಾಗುತ್ತದೆ, ಕಪ್ಪಾಗಿ ಗಟ್ಟಿಯಾದರೆ ಹುಳುಕು ನಿಂತಂತೆ ಎಂದು ಮೊದಲೇ ಹೇಳಿದ್ದರು. ಮಲಗುವ ಮುಂಚೆ ಬಟಾಣಿ ಕಾಳಿನಷ್ಟು ಪೇಸ್ಟ್ ಹಾಕಿ ನಾನೇ ತಿಕ್ಕಬೇಕು. ಆಮೇಲೆ ಬಿಸ್ಕತ್ತು, ಸಕ್ಕರೆ ಹಾಲು ಕೂಡದು. "ಕೆನ್ನಿ ಬಾತ್ರ, ಜ್ವರಾ ಬಂದ್ರ, ನಿದ್ದಿ ಕೆಡಸೂವಂಥಾ ನೋವು ಬಂದ್ರ, ನಾಳೆ ಅನಬ್ಯಾಡ್ರಿ. ಅವತ್ತ ಬರ್ರಿ."

ಎರಡೇ ದಿನಕ್ಕೆ ಹಲ್ಲು ಇದ್ದಿಲಿನಂತಾಯಿತು. ಗಂಡ ನೋಡಿ, "ಹಲ್ಲು ಸುಟ್ಟ ಕಳಿಸ್ಯಾರಲ್ಲ, ಇದಕ್ಕ ಔಷಧ ಅಂತಾರೇನು?" ಎಂದರು. ಓಣಿಯವರೂ ಹಾಗೇ ಅಂದರು. ದಿನಾ ಬೆಳಿಗ್ಗೆ ಪರ್ವರಿಗೆ ಮನೆಗೆಲಸಕ್ಕೆ ಹೊರಡುವ ಮೊದಲು ಮೊಬೈಲಿನ ಬೆಳಕು ಬಿಟ್ಟು ಅವಳ ಬಾಯಿ ನೋಡುತ್ತಿದ್ದೆ. ಮೇಡಂ ಮಾತು ನಂಬಿ ಎರಡನೆಯವಳನ್ನೂ ಆಸ್ಪತ್ರೆಗೆ ಹಾಕುತ್ತೇನೇನೋ ಎಂಬ ಹೆದರಿಕೆ ಪಾತ್ರೆ ತೊಳೆಯುವಾಗಲೂ ಬಿಡುತ್ತಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಶಾಲೆಯಿಂದ ಫೋನ್ ಬಂತು. ಮಗು ಊಟ ಮಾಡುತ್ತಿಲ್ಲ, ಕೆನ್ನೆ ಹಿಡಿದುಕೊಂಡು ಅಳುತ್ತಿದ್ದಾಳೆ. ಕೈಗೆ ಹತ್ತಿದ ಸೋಪನ್ನೂ ತೊಳೆಯದೆ ಬಸ್ಸು ಹತ್ತಿದೆ. ಅವಳನ್ನು ಎತ್ತಿಕೊಂಡು ಮೇಡಂ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದು ಸಿಟ್ಟು.

"ಕಿತ್ತ ಬಿಡ್ರಿ ಅಂದಿದ್ನಿ. ನೀವು ಕೇಳ್ಲಿಲ್ರಿ."

ಅವರು ಕೈ ತೊಳೆದು ಬಂದು ತುಂಬ ಹೊತ್ತು ಮಗುವಿನ ಬಾಯಿ ಪರೀಕ್ಷಿಸಿದರು. ಆಮೇಲೆ ಪುಟ್ಟ ಕನ್ನಡಿ ಹಿಡಿದು ನನ್ನನ್ನು ಕರೆದು ತೋರಿಸಿದರು. ಕಪ್ಪು ಹಲ್ಲು ಗಟ್ಟಿಯಾಗಿ ಕೂತಿತ್ತು. ಅದರ ಹಿಂದೆ, ಕೆಂಪಗೆ ಉಬ್ಬಿದ ಒಸಡಿನಿಂದ ಬಿಳಿಯ ತುದಿಯೊಂದು ಇಣುಕುತ್ತಿತ್ತು.

"ಕಾಯಂ ಹಲ್ಲು ಬರಾಕತ್ತೈತ್ರಿ. ಅದರ ನೋವು."

ನಾಚಿಕೆಯಿಂದ ತಪ್ಪಾಯಿತು ಎಂದೆ. "ಅದ್ಯಾಕ್ರಿ? ಓಡಿ ಬಂದದ್ದು ಚಲೋ ಆತು. ಹೆದರದ ಇರೂ ತಾಯಂದ್ರು ತಡಾ ಮಾಡಿ ಬರ್ತಾರ" ಎಂದರು. ಆ ಹೊಸ ಹಲ್ಲು ಪೂರ್ತಿ ಬಂದ ಮೇಲೆ ಹುಳುಕು ಹಿಡಿಯದಂತೆ ಅದರ ಗೆರೆಗಳನ್ನು ತುಂಬಿದರು. ಕಪ್ಪು ಹಲ್ಲಿಗೆ ಆರು ತಿಂಗಳಿಗೊಮ್ಮೆ ಔಷಧ ಹಚ್ಚುತ್ತಾ ಬಂದರು.

ಮಗಳಿಗೆ ಹನ್ನೊಂದು ನಡೆಯುವಾಗ ಅದು ತಾನಾಗಿ ಬಿತ್ತು. ಹೇಳಿಬರೋಣವೆಂದು ಇಬ್ಬರೂ ದವಾಖಾನೆಗೆ ಹೋದೆವು. ಕುರ್ಚಿಯ ಪಕ್ಕದಲ್ಲಿ ಹೊಸ ಡಾಕ್ಟರು ನಿಂತಿದ್ದರು. ಮೇಡಂ ತೀರಿಕೊಂಡು ತಿಂಗಳಾಯಿತು ಎಂದು ನರ್ಸ್ ಹೇಳಿದಳು. ತಮ್ಮ ಕಾಯಿಲೆಯ ವಿಷಯ ಅವರು ಯಾರಿಗೂ ಹೇಳಿರಲಿಲ್ಲವಂತೆ.

ಹೊಸ ಡಾಕ್ಟರು ಮಗಳ ಬಾಯಿ ನೋಡಿ, ಎಲ್ಲ ಹಲ್ಲುಗಳೂ ಸಾಲಾಗಿ, ಸರಿಯಾಗಿ ಬರುತ್ತಿವೆ ಎಂದು ಹಿಂದಿಯಲ್ಲಿ ಹೇಳಿದರು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

"ಯಾಕವ್ವಾ ಅಳಾಕತ್ತಿ? ಹಲ್ಲು ಚಲೋ ಅದಾವು ಅಂದ್ರಲ್ಲ" ಎಂದಳು ಮಗಳು.

"ಅದಕ್ಕ" ಎಂದೆ.