ಒಂಬತ್ತನೇ ಮಹಡಿಯ ಕೋರಂ

ನಮ್ಮ ಕಟ್ಟಡದಲ್ಲಿ ಯಾವ ನಿರ್ಣಯವಾದರೂ ಯೆಟ್ಟಾ ಪ್ಲಾಟ್ಕಿನ್‌ಳ ಕೈಚೀಲದಿಂದಲೇ ಹೊರಬರಬೇಕು. ಮಯಾಮಿಯ ಬಿಸಿಲು ಏರಿತೆಂದರೆ ಫ್ಲ್ಯಾಟಿನ ಒಡೆಯರೆಲ್ಲ ನ್ಯೂಯಾರ್ಕಿನ ಮಕ್ಕಳ ಮನೆಗೆ ಹಾರುತ್ತಾರೆ. ಹೋಗುವ ಮುಂಚೆ ಬೀಗದ ಕೈಯನ್ನೂ, ತಮ್ಮ ಪರವಾಗಿ ಓಟು ಹಾಕುವ ಪ್ರಾಕ್ಸಿ ಚೀಟಿಯನ್ನೂ ಅವಳಿಗೆ ಒಪ್ಪಿಸುತ್ತಾರೆ. ಗಿಡಕ್ಕೆ ನೀರು, ಸಂಘಕ್ಕೆ ಓಟು, ಎರಡನ್ನೂ ಅವಳೇ ಹಾಕಬೇಕು. ಆ ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರೆ ಕಟ್ಟಡವೇ ಬಲಕ್ಕೆ ವಾಲುತ್ತದೆ.

ಬ್ರೂಕ್ಲಿನ್ನಿನಲ್ಲಿ ಆಯುಷ್ಯವೆಲ್ಲ ಟೋಪಿ ಹೊಲಿದು, ಗಂಡನನ್ನು ಮಣ್ಣು ಮಾಡಿ, ದಣಿವಾರಿಸಿಕೊಳ್ಳಲು ಬಂದ ಹೆಂಗಸು. ಸಮುದ್ರ ಕಾಣುತ್ತದೆಂದು ಒಂಬತ್ತನೇ ಮಹಡಿ ಕೊಂಡಳು. ಈಗ ಎರಡೂ ಮಂಡಿ ಹೋಗಿವೆ. ಲಿಫ್ಟೋ, ನೋಹನ ನಾವೆಗೆ ಪ್ರಾಣಿಗಳನ್ನು ಹತ್ತಿಸಿದ್ದು ಇದೇ ಇರಬೇಕೆಂದು ನನ್ನ ಗುಮಾನಿ.

ಹೊಸ ಲಿಫ್ಟಿಗೆ ಒಪ್ಪಿಗೆ ಪಡೆಯುವ ಸಭೆ ಜುಲೈಯ ಒಂದು ಸಂಜೆ. ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಓಟುಗಳ ಲೆಕ್ಕ, ತಪ್ಪಿದರೆ ಮತ್ತೆ ಚಳಿಗಾಲಕ್ಕೇ ಮಾತು. ಸಭೆಗೆ ಅರ್ಧ ಗಂಟೆ ಇರುವಾಗ ಹಳೇ ಲಿಫ್ಟು ಕಣ್ಣು ಮುಚ್ಚಿತು.

ಕೆಳಗಿನ ಹಜಾರದಲ್ಲಿ ತೂಕಡಿಸುತ್ತಿದ್ದ ತಲೆಗಳನ್ನು ಅಧ್ಯಕ್ಷ ಮರ್ರಿ ರಿಫ್ಕಿನ್ ಎಣಿಸಿ, "ಕೋರಂ ಇಲ್ಲ," ಎಂದ.

"ಇದೆ ಮಾರಾಯ. ಒಂಬತ್ತನೇ ಮಹಡೀಲಿ ಕೂತಿದೆ," ಎಂದೆ ನಾನು.

"ಪ್ರಾಕ್ಸಿ ಹಿಡಿದೋರು ಸಭೇಲಿ ಇರ್ಬೇಕು, ಸೋಲ್. ಎಂಟು ಗಂಟೆವರೆಗೂ ಕಾಯ್ತೀನಿ."

ನಾನು ಹತ್ತತೊಡಗಿದೆ. ಆರನೇ ಮಹಡಿ ಮುಟ್ಟುವಷ್ಟರಲ್ಲಿ ಬೆಳಿಗ್ಗೆ ಬೋಳಿಸಿದ ಗಡ್ಡ ಪ್ರವಾದಿ ಮೋಶೆಯದರಷ್ಟು ಬೆಳೆದಿತ್ತು. ಅಲ್ಲಿ ಯೆಟ್ಟಾ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಕೂತು ಕೂತೇ ಒಂದೊಂದು ಮೆಟ್ಟಿಲು ಜಾರುತ್ತ ಬರುತ್ತಿದ್ದಳು.

"ನೀನ್ಯಾಕೆ ಬಂದೆ? ನಿನ್ನನ್ನೂ ನಾನೇ ಹೊತ್ಕೊಂಡು ಇಳೀಬೇಕಾ?"

"ಚೀಲ ಕೊಡು. ನಾನು ಒಯ್ತೀನಿ."

"ಚೀಟೀಲಿರೋದು ನನ್ನ ಹೆಸರು. ನಿನ್ನ ಕೈಲಿ ಅದು ಬರೀ ಕಾಗದ. ಬೇಕಾದ್ರೆ ಕೀ ಗೊಂಚಲು ಹಿಡ್ಕೋ."

"ಇಷ್ಟು ಜನರ ಓಟು ಹೊತ್ತು ಸುಸ್ತಾಗಲ್ವೇನೇ?"

"ಓಟೇನು ಬಿಡು. ಈ ಮಂಡಿಗೆ ಮಾತ್ರ ಪ್ರಾಕ್ಸಿ ಯಾರೂ ಸಿಗಲಿಲ್ಲ."

ಎಂಟು ಹೊಡೆಯುವ ಮುಂಚೆ ಹಜಾರ ಸೇರಿದೆವು. ಮರ್ರಿ ಚೀಟಿಗಳನ್ನು ಎಣಿಸಿದ. ಕೋರಂ ಆಯಿತು, ನಿರ್ಣಯವೂ ಪಾಸಾಯಿತು. ಆಮೇಲೆ ಅವನು ಕೆಮ್ಮಿ ಹೇಳಿದ: "ನಾಳೆಯಿಂದ್ಲೇ ಕೆಲಸ. ಮೂರು ತಿಂಗಳು ಲಿಫ್ಟು ಇರಲ್ಲ."

ಯೆಟ್ಟಾ ಬಹಳ ಹೊತ್ತು ಮೆಟ್ಟಿಲನ್ನೇ ನೋಡಿದಳು, ಕೆಲಸವಿಲ್ಲದ ಅಳಿಯನನ್ನು ನೋಡುವಂತೆ. ಬಳಿಕ ನನ್ನ ಕೈಯಿಂದ ಗೊಂಚಲು ತೆಗೆದುಕೊಂಡು, ನೆಲಮಹಡಿಯ ಟಿಲ್ಲಿಯ ಮನೆಯ ಕೀ ಹುಡುಕಿ, ಹಜಾರದ ಫೋನಿನಿಂದ ನ್ಯೂಯಾರ್ಕಿಗೆ ಕರೆ ಮಾಡಿದಳು.

"ಟಿಲ್ಲಿ, ನಿನ್ನ ಪರವಾಗಿ ಓಟು ಹಾಕಿದೀನಿ. ಇನ್ನು ಮೂರು ತಿಂಗಳು ನಿನ್ನ ಹಾಸಿಗೇಲಿ ನಿನ್ನ ಪರವಾಗಿ ಮಲಗ್ತೀನಿ... ಆಯ್ತು, ಹಸಿರು ದಿಂಬು ಮುಟ್ಟಲ್ಲ."

ಫೋನಿಟ್ಟು ನನ್ನ ಕಡೆ ತಿರುಗಿದಳು. "ಸೋಲ್, ನನ್ನ ಹಲ್ಸೆಟ್ಟಿನ ಲೋಟ ಮೇಲೇ ಉಳೀತಲ್ಲೋ."

ಈ ಸಲ ಮೆಟ್ಟಿಲು ನೋಡುವ ಸರದಿ ನನ್ನದಾಯಿತು.