ಕೋಟೆಯ ಹೊರಗಿನವರೆಲ್ಲ ನಾನೇ

ಮುಂಬಯಿಯ ಮಲಾಡಿನಲ್ಲಿರುವ ನಮ್ಮ ಇನ್ಶೂರೆನ್ಸ್ ಆಫೀಸಿನ ಮೇಲಿನ ಮಹಡಿಯಲ್ಲಿ ವಿಡಿಯೋ ಗೇಮ್ ಮಾಡುವವರಿದ್ದಾರೆ. ಒಂದು ದಿನ ಲಿಫ್ಟಿನಲ್ಲಿ ಅಲ್ಲಿಯ ಹುಡುಗಿಯೊಬ್ಬಳು ನನ್ನನ್ನು ದಿಟ್ಟಿಸಿ ನೋಡಿ, "ಅಂಕಲ್, ಆಪ್ ಕಾ ಫೇಸ್ ಏಕ್‌ದಮ್ ಹಿಸ್ಟಾರಿಕಲ್ ಹೈ" ಎಂದಳು. ಬೊರಿವಲಿ ಲೋಕಲಿನಲ್ಲಿ ಇಷ್ಟು ವರ್ಷ ಇದೇ ಮುಖ ಹೊತ್ತು ಜೋತಾಡಿದ್ದೇನೆ, ಯಾರೂ ಹೀಗೆ ಹೇಳಿರಲಿಲ್ಲ. ಉಬ್ಬಿಹೋದೆ. ರಾಜರ ಕಾಲದ ಗೇಮಂತೆ, ಅದರಲ್ಲಿನ ಜನಕ್ಕೆ ಮುಖಗಳು ಬೇಕಂತೆ. ಪಕ್ಕದ ಟೇಬಲಿನ ಧಾರವಾಡದ ಸಹೋದ್ಯೋಗಿಯನ್ನೂ ಕಟ್ಟಿಕೊಂಡು ಮೇಲೆ ಹೋದೆ.

ಸುತ್ತಲೂ ಕ್ಯಾಮೆರಾ. ಹೆದರಿಕೊಳ್ಳಿ ಎಂದರು, ಹೆದರಿದೆ. ಬೇಡಿಕೊಳ್ಳಿ ಎಂದರು, ಬೇಡಿಕೊಂಡೆ. ಬಾಣ ತಾಗಿದೆ ಎಂದಾಗ ನಮ್ಮ ಮ್ಯಾನೇಜರನ್ನು ನೆನೆದು ಬಾಯಿ ತೆರೆದೆ, ಚಪ್ಪಾಳೆ ಬಿತ್ತು. ನಗುವುದು ಬೇಡವೇ ಎಂದು ನಾನಾಗಿ ಕೇಳಿದೆ. ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, ನಿಮ್ಮ ಪಾತ್ರಕ್ಕೆ ನಗು ಇಲ್ಲ ಅಂಕಲ್ ಎಂದಳು. ಸಹೋದ್ಯೋಗಿಯನ್ನು ಮಾತ್ರ ಬಗೆಬಗೆಯಾಗಿ ನಗಿಸಿದರು. ಬೆಳ್ಳಗಿದ್ದಾನೆ, ಮೂಗು ನೆಟ್ಟಗಿದೆ. ಅವನನ್ನು ರಾಜನನ್ನಾಗಿ ಮಾಡಿದರು.

ಗೇಮ್ ಬಂದ ದಿನ ನನ್ನ ಮಗಳು ಅದನ್ನು ಟಿವಿಗೆ ಜೋಡಿಸಿದಳು. ಕೋಟೆ ಕಂಡಿತು, ಆನೆಗಳು ಕಂಡವು, ಉಪ್ಪರಿಗೆಯ ಮೇಲೆ ಸಹೋದ್ಯೋಗಿ ಕಿರೀಟ ಇಟ್ಟುಕೊಂಡು ನಿಂತಿದ್ದ. ಕೋಟೆಯ ಹೊರಗೆ ನಾನು. ಕಲ್ಲು ಹೊರುವವನು ನಾನು, ನೀರು ಹೊರುವವನು ನಾನು, ಚಪ್ಪಲಿ ಹೊಲಿಯುವವನು ನಾನು, ಹೆಣ ಎತ್ತುವವನು ನಾನು, ಎತ್ತಿದ ಹೆಣವೂ ನಾನು. ಗಡ್ಡ ಮತ್ತು ತಲೆಗೆ ಸುತ್ತಿದ ಪಟಗ ಮಾತ್ರ ಬೇರೆ ಬೇರೆ. ಮಗಳು ನಕ್ಕು ನಕ್ಕು ಸೋಫಾದಿಂದ ಕೆಳಗೆ ಜಾರಿದಳು.

ಪಕ್ಕದಲ್ಲಿ ಕೂತಿದ್ದ ನಮ್ಮವ್ವ ನಗಲಿಲ್ಲ. ವಿಜಯಪುರದ ಕಡೆಯ ನಮ್ಮೂರಿನಲ್ಲಿ ನಮ್ಮಜ್ಜ ನಿಜಕ್ಕೂ ಚಪ್ಪಲಿ ಹೊಲಿಯುತ್ತಿದ್ದವನು. ಊರ ಬಾವಿಗೆ ನಮ್ಮವರು ಇಳಿಯುವಂತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವ್ವ ಕೊಡ ಹಿಡಿದು ದೂರ ನಿಂತಿರುತ್ತಿದ್ದಳಂತೆ, ಯಾರಿಗಾದರೂ ಮನಸ್ಸು ಬಂದು ಮೇಲಿನಿಂದ ಸುರಿಯುವವರೆಗೆ. ಲಿಫ್ಟಿನ ಹುಡುಗಿಗೆ ಇದನ್ನು ಯಾರೂ ಹೇಳಿರಲಿಲ್ಲ. ಬರೀ ಮುಖ ನೋಡಿ ನನ್ನನ್ನು ಸರಿಯಾಗಿ ಅಲ್ಲಿಗೇ ಕಳಿಸಿದಳಲ್ಲ ಎಂದು ನನಗೆ ಉರಿದುಹೋಯಿತು.

ನನ್ನ ಸಿಟ್ಟು ಬಿಡಿ, ಮನೆಯಲ್ಲಿ ಶುರುವಾದ ಫಜೀತಿಯೇ ಬೇರೆ. ಯುದ್ಧ ಬಂತೆಂದರೆ ಮೊದಲು ಸಾಯುವವನು ನಾನು. "ಮತ್ತ ಸತ್ತ್ಯಲ್ಲೋ ಯಪ್ಪಾ!" ಎಂದು ಅವ್ವ ಎದೆ ಹಿಡಿದುಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಚುರಮುರಿ ತಿನ್ನುತ್ತಿದ್ದರೂ ಅವಳಿಗೆ ಸಮಾಧಾನವಿಲ್ಲ. ಕಡೆಗೆ ಉಪ್ಪು, ಮೆಣಸಿನಕಾಯಿ ಹಿಡಿದು ಟಿವಿಗೆ ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದಳು. "ಘಾಟ ಬರಲಿಲ್ಲ ನೋಡು, ಭಾಳ ದೃಷ್ಟಿ ಆಗೇತಿ" ಎಂದಳು. ಬಿಲ್ಡಿಂಗಿನವರೆಲ್ಲ ಕೆಮ್ಮುತ್ತಿದ್ದರು.

ದೃಷ್ಟಿ ತೆಗೆದರೂ ನಾನು ಸಾಯುವುದು ನಿಲ್ಲಲಿಲ್ಲ. ಒಂದು ಭಾನುವಾರ ಅವ್ವ ಮೊಮ್ಮಗಳಿಗೆ ತಾಕೀತು ಮಾಡಿದಳು. "ರಾಜ್ಯ ಗೆಲ್ಲೂದು ಬ್ಯಾಡ. ನಿಮ್ಮಪ್ಪನ್ನ ಒಂದ್ ಸಲರ ಉಳಸು. ಅಲ್ಲೀತನಕ ನಾ ರೊಟ್ಟಿ ಮುಟ್ಟೂದಿಲ್ಲ."

ಮಗಳು ನನ್ನ ಅಷ್ಟೂ ವೇಷಗಳಲ್ಲಿ ನೀರು ಹೊರುವವನನ್ನು ಆರಿಸಿಕೊಂಡಳು. ವೈರಿಗಳು ಬರುವ ಮೊದಲೇ ಅವನನ್ನು ಕೋಟೆಯೊಳಗೆ ಕಳಿಸಲು ನೋಡಿದಳು. ಅವನು ಬಾಗಿಲವರೆಗೆ ಬಂದ. ಬಾಗಿಲು ತೆರೆದೇ ಇತ್ತು. ಆದರೂ ನಿಂತಲ್ಲೇ ನಡೆಯತೊಡಗಿದ. ಕಾಲುಗಳು ಆಡುತ್ತಿವೆ, ಒಂದು ಹೆಜ್ಜೆಯೂ ಮುಂದೆ ಹೋಗುತ್ತಿಲ್ಲ. ಅವನ ಪಕ್ಕದಲ್ಲೇ ಕುದುರೆ ಒಳಗೆ ಹೋಯಿತು, ಕತ್ತೆ ಹೋಯಿತು, ಒಂದು ಕೋಳಿ ಕೂಡ ಹೋಯಿತು.

"ಅವನ್ನ ಒಳಗ ಕರಕೋ ಅಂದ್ರ!" ಅವ್ವ ಕೂಗಿದಳು.

"ಆಯಿ, ಇವನಿಗೆ ಅಲೌಡ್ ನಹೀ ಹೈ," ಎಂದಳು ಮಗಳು. "ಒಳಗೆ ಬಿಡೋದೇ ಇಲ್ಲ. ಗೇಮ್ ಐಸಾಹೀ ಬನಾಯಾ ಹೈ."

"ಇದರಾಗೂ ಇಲ್ಲೇನು?" ಎಂದಳು ಅವ್ವ.

ಮಗಳು ತುಟಿ ಕಚ್ಚಿಕೊಂಡು ರಾಜನನ್ನು ಉಪ್ಪರಿಗೆಯಿಂದ ಇಳಿಸಿದಳು. ಇಡೀ ಸೈನ್ಯವನ್ನು, ಆನೆಗಳನ್ನು ಹೊರಗೆ ತಂದು ಆ ಒಬ್ಬ ನೀರಿನವನ ಸುತ್ತ ನಿಲ್ಲಿಸಿದಳು. ಬಾಣಗಳು ಸುರಿದವು. ಆನೆಗಳು ಬಿದ್ದವು, ಸೇನಾಪತಿ ಬಿದ್ದ, ಕಡೆಗೆ ರಾಜನೇ ಅಡ್ಡ ಬಂದು ಎದೆಗೆ ಬಾಣ ತಿಂದ. ಆಫೀಸಿನಲ್ಲಿ ಟೇಬಲ್ ಫ್ಯಾನನ್ನು ಕೂಡ ನನ್ನ ಕಡೆ ತಿರುಗಿಸದ ಮನುಷ್ಯ! ಅವ್ವ ಅವನಿಗೆ ಕೈಮುಗಿದಳು. ವೈರಿಗಳು ಕೋಟೆಯ ಬಾಗಿಲು ಮುರಿದು ತಮ್ಮ ಬಾವುಟ ನೆಟ್ಟು ಹೊರಟುಹೋದರು. ನಿಮ್ಮ ರಾಜ್ಯ ಮುಳುಗಿತು ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು, ದುಃಖದ ಶಹನಾಯಿ ಶುರುವಾಯಿತು. ನಾವು ಮೂವರೂ ಚಪ್ಪಾಳೆ ತಟ್ಟುತ್ತಿದ್ದೆವು. ನೀರಿನವನು ಬದುಕಿದ್ದ.

ಮಗಳು ಟಿವಿ ಆರಿಸಲು ಹೋದಾಗ ಅವ್ವ ಅವಳ ಕೈ ಹಿಡಿದಳು. ಅವನು ಇನ್ನೂ ನಡೆಯುತ್ತಿದ್ದ, ಈಗ ಮುಂದೆ ಮುಂದೆ ಹೋಗುತ್ತಿದ್ದ. ಬಾಗಿಲು ಮುರಿದಾಗ ಅವನನ್ನು ತಡೆದದ್ದೂ ಮುರಿದಿರಬೇಕು. ಬಿದ್ದವರನ್ನೆಲ್ಲ ದಾಟಿ ಅರಮನೆಯ ಅಂಗಳದ ಬಾವಿಗೆ ಹೋದ, ಮೆಟ್ಟಿಲಿಳಿದ, ಕೊಡ ಬಗ್ಗಿಸಿದ. ಮುಖದ ಮೇಲೆ ಅದೇ ಹೆದರಿಕೆ. ಬೇರೆ ಮುಖ ನಾನು ಅವನಿಗೆ ಕೊಟ್ಟಿರಲಿಲ್ಲ.

ಅವ್ವ ಎದ್ದು ಟಿವಿಯ ಹತ್ತಿರ ಹೋಗಿ ನೆಲದ ಮೇಲೆ ಕೂತಳು.

"ಯಾರೂ ಇಲ್ಲೋ ಯಪ್ಪಾ," ಎಂದಳು. "ಸಾವಕಾಶ ತುಂಬಿಕೋ."